ಇಪ್ಪತ್ತೆಂಟು

ಮೊದಲ ದಿನ ನನಗೆ ದನಿಯೇ ಹೊರಡಲಿಲ್ಲ.
ಬಾಗಿಲಾಚೆ ಸಾಲು: ಬಕೀಟು, ಕ್ಯಾನು, ಸ್ಟೀಲಿನ ತೂಕು,
ತಲೆಗೆ ಟವೆಲು ಸುತ್ತಿದ ಗಂಡಸರು,
ಅವರಲ್ಲಿ ಅರ್ಧ ಜನ ವರಸೆಯಲ್ಲಿ ನನಗೆ ಮಾವಂದಿರು.
ಲ್ಯಾಕ್ಟೋಮೀಟರು ಹಾಲಲ್ಲಿ ತೂಗಾಡಿ ನಿಂತಿತು.
ಅಂಕಿ ನೋಡಿದೆ, ಪುಸ್ತಕಕ್ಕೆ ಬರೆದೆ,
ಸೆರಗು ಎಳೆದುಕೊಂಡೆ.
'ಯೆಷ್ಟವ್ವ?' ಅಂದರು ಕಾಳೇಗೌಡರು.
ಪುಸ್ತಕ ತಿರುಗಿಸಿ ತೋರಿಸಿದೆ.
ಅವರಿಗೆ ಓದು ಬಾರದೆಂದು
ಇಡೀ ಸಾಲಿಗೆ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು.

ಎಸ್ಸೆಸ್ಸೆಲ್ಸಿ ಪಾಸಾದ ಸೊಸೆ ಆಗ ಊರಲ್ಲಿ ನಾನೊಬ್ಬಳೇ.
ಅದಕ್ಕೇ ಡೇರಿಯ ಬೀಗದ ಕೈ ನನ್ನ ಸೊಂಟಕ್ಕೆ ಬಂತು,
ಬೇರೆ ಯಾವ ಯೋಗ್ಯತೆಯಿಂದಲೂ ಅಲ್ಲ.

ಆ ರಾತ್ರಿ ಕೊಟ್ಟಿಗೆಯಲ್ಲಿ ಎಮ್ಮೆಯ ಮುಂದೆ ನಿಂತು
'ಇಪ್ಪತ್ತೆಂಟು' ಅಂದೆ.
'ಇಪ್ಪತ್ತೇಳೂವರೆ' ಅಂದೆ.
ಅದು ಮೆಲುಕು ಹಾಕುತ್ತಲೇ ಇತ್ತು.
ಅದಕ್ಕಿಂತ ಒಳ್ಳೆಯ ಸಭೆ ನನಗೆ ಮತ್ತೆ ಸಿಕ್ಕಿಲ್ಲ.

ಮರುದಿನ ಒಂದು ಅಂಕಿ ಬಾಯಿಬಿಟ್ಟು ಹೇಳಿದೆ, ಕಾಳೇಗೌಡರದು.
ಅದರ ಮಾರನೆಯ ದಿನ ನಾಲ್ಕು.
ಯುಗಾದಿಯ ಹೊತ್ತಿಗೆ ಇಡೀ ಸಾಲು.

ಉಳಿದದ್ದು ಹೇಳಿಕೊಳ್ಳುವಂಥದ್ದೇನಲ್ಲ.
ಐದೂಕಾಲಿಗೆ ಬೀಗ ತೆಗೆಯುವುದು.
ಬಿಸಿನೀರಲ್ಲಿ ಕ್ಯಾನಿನ ಕತ್ತು ಉಜ್ಜುವುದು.
ಮೊದಲು ಬಂದವರ ಹಾಲು ಮೊದಲು,
ಹಿಂದೆ ನಿಂತವನು ಚೇರ್ಮನ್ನರ ತಮ್ಮನೇ ಆದರೂ.
ಶಿಂಷೆ ಸೇತುವೆಯ ಮೇಲೆ ಹರಿದು
ಗೆಜ್ಜಲಗೆರೆಯ ಗಾಡಿ ಬಾರದ ಬೆಳಗೂ
ಎಲ್ಲರ ಹಾಲು ಅಳೆದು, ಓದಿ, ಬರೆದು, ವಾಪಸು ಕೊಟ್ಟೆ.
'ಹುಚ್ಚೇನವ್ವ ನಿಂಗೆ?' ಅಂದಳು ಸಣ್ಣತಾಯಿ.
ಇರಬಹುದು.
ಒಮ್ಮೆ ಮಾತ್ರ, ಮಗನಿಗೆ ಜ್ವರ, ಇಪ್ಪತ್ತು ನಿಮಿಷ ತಡವಾದೆ.
ಗಾಡಿ ಹೊರಟುಹೋಗಿತ್ತು,
ಮಧ್ಯಾಹ್ನಕ್ಕೆ ಮೂರು ಕ್ಯಾನು ಒಡೆಯಿತು.
ಯಾರೂ ಬೈಯಲಿಲ್ಲ.
ಅದಕ್ಕಿಂತ ಬೈಗುಳ ಬೇಕೆ?

ನಾಲ್ಕನೆಯ ವರ್ಷ, ಆಷಾಢದ ಒಂದು ಬೆಳಗು,
ಯಾವಾಗಲೂ ಅತ್ತೆ ತರುವ ಹಾಲನ್ನು ಮಾವನೇ ತಂದರು.
ನನ್ನನ್ನು ಈ ಕೆಲಸಕ್ಕೆ ಕಳಿಸಲು
ಅತ್ತೆಯ ಜತೆ ವಾರಗಟ್ಟಲೆ ಜಗಳವಾಡಿದ್ದವರು.
ಗಾಜಿನ ಬುರುಡೆ ಮುಳುಗಿತು, ಇನ್ನಷ್ಟು ಮುಳುಗಿತು.
ಮಾವ ಗಂಟಲು ಸರಿಮಾಡಿಕೊಂಡರು.
ಸಾಲಿನಲ್ಲಿ ಯಾರದೋ ಬಳೆಯ ಸದ್ದೂ ನಿಂತಿತು.

'ಇಪ್ಪತ್ತೊಂದು,' ಅಂದೆ.

ಉಳಿದವರ ಅಂಕಿ ಹೇಳುವ ಶ್ರುತಿಯಲ್ಲೇ,
ಒಂದು ಎಳೆ ಮೇಲೂ ಅಲ್ಲ, ಕೆಳಗೂ ಅಲ್ಲ.
ದೊಡ್ಡ ಧೈರ್ಯ ಮಾಡಿದೆಯೆಂದು ಊರು ಇವತ್ತಿಗೂ ಅನ್ನುತ್ತದೆ.
ಧೈರ್ಯಕ್ಕೆ ಹೊತ್ತೆಲ್ಲಿತ್ತು?
ನಾಲಗೆಗೆ ರೂಢಿಯಾಗಿತ್ತು, ಅಷ್ಟೆ.
ಬುದ್ಧಿ ಎಚ್ಚೆತ್ತು ಅಯ್ಯೋ ಅನ್ನುವಷ್ಟರಲ್ಲಿ
ಮಾತು ಬಾಗಿಲು ದಾಟಿತ್ತು.

ಒಂಬತ್ತು ದಿನ ಮಾವ ನನ್ನ ಕೈಯ ಮುದ್ದೆ ಮುಟ್ಟಲಿಲ್ಲ.
ಹತ್ತನೆಯ ದಿನ, ತಟ್ಟೆ ನೋಡುತ್ತ,
'ಸಾರಿಗೆ ಉಪ್ಪು ಕಮ್ಮಿ' ಅಂದರು.
ನಾನು ಉಪ್ಪಿನ ಮರಿಗೆ ತರುವ ನೆಪದಲ್ಲಿ
ಒಳಗೆ ಹೋಗಿ ಅತ್ತೆ.

ಆಮೇಲೆ ಒಂದು ಸಲ, ಬೋನಸ್ಸಿನ ಲೆಕ್ಕಕ್ಕೆ
ಅರಳಿಕಟ್ಟೆಯಲ್ಲಿ ಕೈ ಕೈ ಮಿಲಾಯಿಸುವ ಹೊತ್ತಿಗೆ
ಹಿಂದಿನಿಂದ ಯಾರೋ ಕೂಗಿದರು:
'ಸುಮ್ಕಿರ್ರಲಾ, ಡೇರಿಯವ್ವ ಏನಂತಾಳೆ ಕೇಳವ.'
ಸದ್ದಡಗಿತು. ನನಗೆ ಭಾಷಣ ಬಾರದು.
ಎದ್ದು ನಿಂತು ಪುಸ್ತಕ ಬಿಡಿಸಿ
ಆ ವರ್ಷದ್ದೆಲ್ಲ ಓದಿದೆ, ಮನೆ ಮನೆಯದೂ,
ನಮ್ಮ ಮನೆಯ ಇಪ್ಪತ್ತೊಂದನ್ನೂ ಸೇರಿಸಿ.
ಓದಿ ಮುಗಿಯುವಾಗ ದೀಪ ಹತ್ತಿತ್ತು.
ಎದ್ದು ಹೋದವರು ಇಬ್ಬರೇ, ಅವರೂ ಹಾಲು ಕರೆಯಲು.

ಈಗ ಪಲ್ಲವಿ ಬರುತ್ತಾಳೆ, ಪಿಯುಸಿ ಮುಗಿಸಿದ ಹುಡುಗಿ.
ಅಳೆಯುವುದು ಯಂತ್ರ, ಅಂಕಿ ಕೆಂಪಗೆ ತಾನೇ ಹೊಳೆಯುತ್ತದೆ.
ಆದರೂ ಬಾಯಿಬಿಟ್ಟು ಹೇಳು ಅಂದಿದ್ದೇನೆ.
ಪಿಸುಗುಡುತ್ತಾಳೆ.
ಕಾಳೇಗೌಡರಿಗೆ ಈಗ ಕಿವಿಯೂ ಮಂದ,
ಕೋಲೂರಿ ಬಗ್ಗಿ, 'ಯೆಷ್ಟವ್ವ?' ಅನ್ನುತ್ತಾರೆ.
ಅವಳು ನನ್ನತ್ತ ನೋಡುತ್ತಾಳೆ.
ಬಾಯಿ ತೆರೆದವಳು ಮುಚ್ಚಿಕೊಂಡು
ಕ್ಯಾನಿನ ಕತ್ತು ಉಜ್ಜುತ್ತೇನೆ, ಆಗಲೇ ಉಜ್ಜಿದ್ದನ್ನೇ.

ಸಂಜೆ ಕೇಳಬೇಕು,
ಅವರ ಮನೆಯಲ್ಲಿ ಎಮ್ಮೆ ಇದೆಯೋ ಇಲ್ಲವೋ.